ಹಿತ್ತಲಿನ ಅಳತೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಸಮೀಪ, ಬಳ್ಳಿಗಾವಿ ಎಂಬ ಗ್ರಾಮವಿದೆ. ಅಲ್ಲಿಗೆ ಹೋದವರು ಕೇದಾರೇಶ್ವರ ದೇವಾಲಯವನ್ನೂ ತ್ರಿಪುರಾಂತಕೇಶ್ವರನ ಗುಡಿಯನ್ನೂ ಗಂಡಭೇರುಂಡ ಸ್ತಂಭವನ್ನೂ ಕಂಡು ಮೆಚ್ಚಿ ಹಿಂದಿರುಗುತ್ತಾರೆ. ಅದು ಒಂದು ಕಾಲಕ್ಕೆ ಬನವಾಸಿ ನಾಡಿನ ರಾಜಧಾನಿಯೆನಿಸಿದ್ದ ದೊಡ್ಡ ಪಟ್ಟಣವಾಗಿತ್ತೆಂಬುದು ಇಂದಿನ ಗದ್ದೆ, ಹೆಂಚಿನ ಮನೆಗಳನ್ನು ನೋಡಿದವರಿಗೆ ಥಟ್ಟನೆ ಹೊಳೆಯುವುದಿಲ್ಲ. ಅಲ್ಲಿದ್ದ ಕೋಡಿಯ ಮಠವನ್ನು 1162ರ ಶಾಸನವೊಂದು ಬಣ್ಣಿಸುತ್ತದೆ. ವೇದಶಾಸ್ತ್ರಗಳ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ದೊರೆಯುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ನಡೆಯುತ್ತಿತ್ತು. ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಹರಿಯುವ ಸ್ಥಳಕ್ಕೆ ಕೋಡಿ ಎಂದು ಹೆಸರು. ಅಷ್ಟು ದೊಡ್ಡ ವಿದ್ಯಾಸ್ಥಾನವು ತನ್ನ ಹೆಸರನ್ನು ನೀರು ಹೊರಡುವ ದಾರಿಯಿಂದ ಪಡೆದದ್ದು ಸ್ವಾರಸ್ಯದ ಸಂಗತಿ. ಹತ್ತಿರದ ತಾಳಗುಂದದ ಸ್ತಂಭಶಾಸನವಂತೂ ಕದಂಬ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯ ನೆನಪಿಗಾಗಿಯೇ ಕಾವ್ಯರೂಪದಲ್ಲಿ ರಚಿತವಾದುದು. ಆ ಕಾಲದ ಜನ ಒಂದು ನೆಲೆಯನ್ನು ಕಟ್ಟುವಾಗ ನೀರು ಎಲ್ಲಿ ನಿಲ್ಲಬೇಕು, ಎಲ್ಲಿಂದ ಹೊರಡಬೇಕು ಎಂಬುದನ್ನು ಮೊದಲು ಯೋಚಿಸುತ್ತಿದ್ದರು.

ಇಂದು ಅದೇ ಸೀಮೆಯ ಶಿರಾಳಕೊಪ್ಪದಲ್ಲಿ, ಶಿಕಾರಿಪುರದಲ್ಲಿ, ಸೊರಬದಲ್ಲಿ ಮನೆಗಳು ಏಳುವ ರೀತಿ ಬೇರೆ. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನ; ಅದರ ನಡುವೆ ಮನೆ; ಉಳಿದ ಜಾಗಕ್ಕೆ ಸಿಮೆಂಟಿನ ಹಾಸು. ಬಚ್ಚಲಿನ ನೀರು ಕೊಳವೆಯ ಮೂಲಕ ನೇರವಾಗಿ ಬೀದಿಯ ಚರಂಡಿಗೆ ಹೋಗುತ್ತದೆ. ಕೆಲವರು ಸ್ವಲ್ಪ ನೆಲವನ್ನು ಬಿಟ್ಟುಕೊಂಡು ಹುಲ್ಲುಹಾಸನ್ನೋ ಬಣ್ಣದ ಎಲೆಯ ಗಿಡಗಳನ್ನೋ ಬೆಳೆಸಿ, ಏಪ್ರಿಲ್ ಬಂದಾಗ ಅದಕ್ಕೆ ಹನಿಸಲು ಕೊಳವೆಬಾವಿಯ ನೀರನ್ನೇ ಎತ್ತುತ್ತಾರೆ. ಒಂದು ಕಡೆ ನೀರನ್ನು ಚೆಲ್ಲುವುದು, ಇನ್ನೊಂದು ಕಡೆ ನೀರಿಲ್ಲವೆಂದು ಕೊರಗುವುದು. ಈ ಎರಡು ತಪ್ಪುಗಳೂ ಒಂದೇ ಮೂಲದಿಂದ ಹುಟ್ಟಿದವು. ಮನೆಯ ನಕ್ಷೆ ಬರೆಯುವಾಗ ಹಿತ್ತಲಿನ ನಕ್ಷೆಯನ್ನು ಯಾರೂ ಬರೆಯುವುದಿಲ್ಲ. ಮನೆ ಕಟ್ಟಿ ಮುಗಿದ ಮೇಲೆ ಮಿಕ್ಕಿದ್ದೇ ಹಿತ್ತಲು.

ಸಣ್ಣ ತೋಟದ ಅಳತೆಯನ್ನು ನಿವೇಶನದ ಪತ್ರದಲ್ಲಿ ಹುಡುಕುವುದಕ್ಕಿಂತ ಬಚ್ಚಲುಮನೆಯಲ್ಲಿ ಹುಡುಕುವುದು ಮೇಲು. ಲೆಕ್ಕ ಸರಳವಾದುದು. ಒಬ್ಬರು ಸ್ನಾನಕ್ಕೆ 20 ಲೀಟರಿನಷ್ಟೇ ನೀರು ಬಳಸಿದರೂ ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 80 ಲೀಟರ್ ಆಗುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಸೇರಿದರೆ 100 ಲೀಟರ್. ಬಿರುಬೇಸಿಗೆಯಲ್ಲಿ ತರಕಾರಿ ಮಡಿಯ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಎಂದರೆ ಆ ಮನೆ 20 ಚದರ ಮೀಟರ್, ಅಂದರೆ ಸುಮಾರು 200 ಚದರ ಅಡಿ ತೋಟವನ್ನು ಹೊಸದಾಗಿ ಒಂದು ತೊಟ್ಟು ನೀರನ್ನೂ ಎತ್ತದೆ ಸಾಕಬಲ್ಲದು. 1200 ಚದರ ಅಡಿಯ ನಿವೇಶನದಲ್ಲಿ ಅದು ಆರನೆಯ ಒಂದು ಪಾಲು. ಅದಕ್ಕಿಂತ ದೊಡ್ಡ ತೋಟ ಬಾವಿಗೆ ಭಾರ. ಅದಕ್ಕಿಂತ ಚಿಕ್ಕದಾದರೆ ನೀರು ಚರಂಡಿಯ ಪಾಲು. ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲಿನ ಹಿಂದೆ ಬಾಳೆಯ ಹಿಂಡಿಲು, ಅದರ ಬುಡದಲ್ಲಿ ಕೆಸು, ಪಕ್ಕದಲ್ಲಿ ಬಸಳೆಯ ಚಪ್ಪರ ಇರುತ್ತಿದ್ದುದು ಆಕಸ್ಮಿಕವೇನೂ ಅಲ್ಲ. ಆ ಲೆಕ್ಕವನ್ನು ಕಾಗದದ ಮೇಲೆ ಬರೆಯದೆ ನೆಲದ ಮೇಲೆ ಬರೆದಿದ್ದರು, ಅಷ್ಟೆ.

ಇಲ್ಲಿ ಎಚ್ಚರ ಅಗತ್ಯ. ಶೌಚದ ನೀರು ತೋಟಕ್ಕೆ ಸಲ್ಲದು. ಅದರ ಕೊಳವೆ ಮೊದಲಿನಿಂದಲೇ ಪ್ರತ್ಯೇಕವಾಗಿರಬೇಕು. ಬಟ್ಟೆ ಒಗೆದ ನೀರಿನಲ್ಲಿ ಸಾಬೂನಿನ ಪುಡಿಯ ಲವಣಗಳಿರುವುದರಿಂದ ಅದನ್ನು ಎಳೆಯ ಸೊಪ್ಪಿಗೆ ಬಿಡದೆ ಬಾಳೆಗೆ ಬಿಡುವುದು ಲೇಸು. ಹಸಿಯಾಗಿ ತಿನ್ನುವ ಕೊತ್ತಂಬರಿ, ಸೌತೆಗಳಿಗೆ ಅಕ್ಕಿ ತೊಳೆದ ನೀರು ಉತ್ತಮ. ಎಲ್ಲಕ್ಕಿಂತ ಮುಖ್ಯವಾಗಿ, ನೀರು ಎಲ್ಲಿಯೂ ನಿಲ್ಲಬಾರದು. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಹಳೆಯ ಬಚ್ಚಲ ಗುಂಡಿಗಳು ಕೆಟ್ಟ ಹೆಸರು ಪಡೆದದ್ದು ಈ ಕಾರಣದಿಂದಲೇ. ಅಗಲವಾದ ಆಳವಿಲ್ಲದ ಕಾಲುವೆ ತೆಗೆದು, ಜಲ್ಲಿ ತುಂಬಿ, ಮೇಲೆ ತರಗೆಲೆ ಹೊದಿಸಿ, ದಿನಕ್ಕೊಂದು ಮಡಿಯ ಕಡೆಗೆ ನೀರನ್ನು ತಿರುಗಿಸಿದರೆ ನೀರು ಕಾಣುವ ಮೊದಲೇ ಇಂಗಿಹೋಗುತ್ತದೆ.

ನೀರಿನ ಅನಂತರ ಬಿಸಿಲು. ಬಳ್ಳಿಗಾವಿ ಭೂಮಧ್ಯರೇಖೆಯಿಂದ ಉತ್ತರಕ್ಕೆ 14 ಡಿಗ್ರಿಗಿಂತ ತುಸು ಆಚೆ ಇದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿಯುತ್ತಾನೆ. ಡಿಸೆಂಬರಿನ ನಡುಹಗಲಲ್ಲಿ 10 ಅಡಿ ಎತ್ತರದ ಗೋಡೆಯ ನೆರಳು ಉತ್ತರಕ್ಕೆ ಸುಮಾರು 8 ಅಡಿ ಚಾಚುತ್ತದೆ. ಮಳೆ ನಿಂತು ತರಕಾರಿ ಚೆನ್ನಾಗಿ ಬರುವ ಕಾಲವೂ ಅದೇ. ಆದ್ದರಿಂದ ಮನೆಯ ಉತ್ತರಕ್ಕೆ ಎಂಟು ಅಡಿಯ ಓಣಿ ಬಿಟ್ಟು ಅಲ್ಲಿ ಬದನೆ, ಬೆಂಡೆ ಹಾಕಿದವರು ಕೇವಲ ಎಲೆಯನ್ನು ಬೆಳೆಯುತ್ತಾರೆ. ಆ ಜಾಗ ಅರಿಶಿನ, ಶುಂಠಿ, ಕೆಸು, ಒಂದೆಲಗ, ದೊಡ್ಡಪತ್ರೆಗಳಿಗೆ ಸೇರಿದ್ದು. ಅವು ನೆರಳನ್ನು ಸಹಿಸುತ್ತವೆ. ತರಕಾರಿಯ ಮಡಿ ಮನೆಯ ದಕ್ಷಿಣಕ್ಕೋ ಪೂರ್ವಕ್ಕೋ ಬರಬೇಕು. ಎತ್ತರದ ಗಿಡಗಳು ತೋಟದ ಉತ್ತರದ ಅಂಚಿನಲ್ಲಿರಬೇಕು; ಅಲ್ಲಿದ್ದರೆ ಅವುಗಳ ನೆರಳು ಮಡಿಯ ಮೇಲೆ ಬೀಳುವುದಿಲ್ಲ. ಎರಡೂ ದಿಕ್ಕಿನಲ್ಲಿ ನೆಲವಿಲ್ಲದ ಮನೆಗೆ ತಾರಸಿಯಿದೆ. ಬಿಸಿಲಿನ ಚೀಲಗಳನ್ನು ಅಲ್ಲಿಗೆ ಏರಿಸಬಹುದು.

ಮೂರನೆಯ ಅಳತೆ ಮನುಷ್ಯನ ಕೈಕಾಲಿನದು. ಎರಡೂ ಬದಿಯಿಂದ ಕೈಯಾಡಿಸಬಹುದಾದ ಮಡಿ 4 ಅಡಿಗಿಂತ ಅಗಲವಾಗಬಾರದು; ಗೋಡೆಗೆ ಅಂಟಿದ ಮಡಿಗೆ 2 ಅಡಿ ಸಾಕು. ನಡುವೆ ಮುದುಕಿಯೊಬ್ಬಳು ಕೊಡ ಹಿಡಿದು ನಡೆಯುವಷ್ಟು ದಾರಿ ಬಿಡಬೇಕು. ಒಗ್ಗರಣೆ ಸಿಡಿಯುತ್ತಿರುವಾಗ ಓಡಿಹೋಗಿ ಕಿತ್ತು ತರುವ ಕರಿಬೇವು, ಕೊತ್ತಂಬರಿಗಳು ಅಡುಗೆಮನೆಯ ಬಾಗಿಲಿಗೆ ಸಮೀಪವಿರಲಿ. ವಾರಕ್ಕೊಮ್ಮೆ ಕೊಯ್ಯುವ ತೊಂಡೆ, ವರ್ಷಕ್ಕೊಮ್ಮೆ ಅಗೆಯುವ ಸುವರ್ಣಗಡ್ಡೆ ದೂರವಿರಲಿ. ನುಗ್ಗೆಯ ಕೊಂಬೆ ಮಳೆಗಾಳಿಗೆ ಲಟ್ಟನೆ ಮುರಿಯುತ್ತದೆ. ಅದನ್ನು ಹೆಂಚಿನ ಬಳಿಯಾಗಲಿ ವಿದ್ಯುತ್ ತಂತಿಯ ಕೆಳಗಾಗಲಿ ನೆಡಬಾರದು. ತೆಂಗಿನ ಮಾತಂತೂ ಹೇಳಲೇಬೇಕು. ಮನೆ ಕಟ್ಟಿದವರಿಗೆಲ್ಲ ಒಂದು ಕಲ್ಪವೃಕ್ಷ ಬೇಕೆಂಬ ಆಸೆ. ಆದರೆ ತೋಟಗಳಲ್ಲಿ ತೆಂಗಿನಿಂದ ತೆಂಗಿಗೆ 25 ಅಡಿ ಅಂತರ ಬಿಡುತ್ತಾರೆ. 30 ಅಡಿ ಅಗಲದ ನಿವೇಶನದಲ್ಲಿ ಒಂದು ತೆಂಗು ಆಕಾಶವನ್ನೆಲ್ಲ ತಾನೇ ತೆಗೆದುಕೊಂಡು, ನೆರೆಯವರ ಮಾಡಿನ ಮೇಲೆ ಕಾಯಿ ಉದುರಿಸಿ, ಜಗಳವನ್ನೂ ಬೆಳೆಯುತ್ತದೆ. ಸಣ್ಣ ಹಿತ್ತಲಿಗೆ ಒಂದು ನಿಂಬೆ, ಒಂದು ಪಪ್ಪಾಯಿ, ಒಂದು ಬಾಳೆ ಸಾಕು.

ಹುಲ್ಲುಹಾಸಿನ ಪಕ್ಷ ವಹಿಸುವವರು ಬೆಂಗಳೂರಿನ ಲಾಲ್‌ಬಾಗನ್ನು ಉದಾಹರಿಸುವುದುಂಟು. ಅವರು ಆ ಉದ್ಯಾನದ ಅರ್ಧವನ್ನು ಮಾತ್ರ ನೋಡಿದ್ದಾರೆ. ಹೈದರಾಲಿ ಆರಂಭಿಸಿದ ಆ ತೋಟ ಹತ್ತೊಂಬತ್ತನೆಯ ಶತಮಾನದಲ್ಲಿ ಹೊರನಾಡಿನ ಉಪಯುಕ್ತ ಸಸ್ಯಗಳನ್ನು ತರಿಸಿ ಬೆಳೆಸಿ ನೋಡುವ ಪ್ರಯೋಗಶಾಲೆಯಾಗಿತ್ತು. ಸೀಮೆಬದನೆ ಅಲ್ಲಿಂದಲೇ ಸುತ್ತಲಿನ ಅಡುಗೆಮನೆಗಳಿಗೆ ಹರಡಿತು. ತಮಿಳರು ಇಂದಿಗೂ ಅದನ್ನು ಬೆಂಗಳೂರು ಕತ್ತರಿಕಾಯಿ ಎನ್ನುತ್ತಾರೆ. ಅದನ್ನು ಬಿಟ್ಟು ಹುಲ್ಲನ್ನು ಮಾತ್ರ ಅನುಕರಿಸುವುದು ದೊಡ್ಡವರ ಪೇಟವನ್ನು ಮಾತ್ರ ಅನುಕರಿಸಿದಂತೆ. ಉಪಯೋಗದ ತೋಟ ನೋಡಲು ಚೆಂದವಿರದು ಎಂಬ ಆಕ್ಷೇಪಕ್ಕೂ ಹುರುಳಿಲ್ಲ. ಹೀರೆಯ ಹಳದಿ ಹೂ ಸಂಜೆ ಅರಳಿದ ಚಪ್ಪರವನ್ನೋ, ಮಳೆಗಾಲದಲ್ಲಿ ಮಲೆನಾಡಿನ ಹೆಣ್ಣುಮಕ್ಕಳು ಮಡಿಯ ಅಂಚಿಗೆ ನೆಟ್ಟ ಡೇರೆಯ ಸಾಲನ್ನೋ ಕಂಡವರು ಹಾಗೆ ಹೇಳಲಾರರು. ಮಕ್ಕಳಿಗೆ ಆಡಲು, ಹಿರಿಯರಿಗೆ ಕೂರಲು ಒಂದಿಷ್ಟು ಬಯಲು ಬೇಕೆಂಬುದು ಮಾತ್ರ ನ್ಯಾಯವಾದ ಮಾತು. ಅದನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿಡಬೇಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಸಂತೆಯಲ್ಲಿ ಹತ್ತಾರು ರೂಪಾಯಿಗೆ ಸಿಗುವ ಬೆಂಡೆಗೆ ಇಷ್ಟು ದುಡಿಮೆ ಏಕೆ? ಆ ದುಡಿಮೆಯಾದರೂ ಯಾರದು? ಹಿತ್ತಲಿನ ಕೆಲಸ ಹೆಚ್ಚಾಗಿ ಮನೆಯ ಹೆಂಗಸರ ಮೇಲೆಯೇ ಬಿದ್ದಿದೆ ಎಂಬುದು ನಿಜ. ಹಾಗಿದ್ದರೂ ನಕ್ಷೆ ಬರೆಯುವಾಗ ಅವರ ಮಾತನ್ನು ಕೇಳುವವರು ವಿರಳ. ಇನ್ನೂರು ಚದರ ಅಡಿ ನೆಲ ನಾಲ್ವರ ತರಕಾರಿಯನ್ನು ಪೂರ್ತಿಯಾಗಿ ಒದಗಿಸುತ್ತದೆಂದು ಹೇಳಿದರೆ ಅದು ಸುಳ್ಳು. ಅದು ಕೊಡುವುದು ದಿನದ ಸೊಪ್ಪು, ಕರಿಬೇವು, ಕೆಮ್ಮಿಗೆ ಕಷಾಯದ ಎಲೆ, ಆಗಾಗ ಒಂದು ಬುಟ್ಟಿ ಕಾಯಿ. ಅದಕ್ಕೆ ಪ್ರತಿಯಾಗಿ ಅದು ಕೇಳುವುದು ಬೆಳಗಿನ ಅರ್ಧ ಗಂಟೆ. ಅದು ಒಬ್ಬರದೇ ಆಗದೆ ಮನೆಯ ಎಲ್ಲರಲ್ಲಿ ಹಂಚಿಹೋದರೆ ಭಾರವೆನಿಸದು. ಬಳ್ಳಿಗಾವಿಯವನೆಂದು ಹೇಳಲಾಗುವ ಅಲ್ಲಮಪ್ರಭುವಿಗೆ ಶೂನ್ಯಸಂಪಾದನೆಯಲ್ಲಿ ಎದುರಾಗುವ ಗೊಗ್ಗಯ್ಯ ತೋಟದ ಕೆಲಸದಲ್ಲಿ ಮೈಮರೆತವನು. ಆ ಕಾಲದಲ್ಲಿ ಗುದ್ದಲಿ ಹಿಡಿಯುವುದು ಗಂಡಸಿಗೆ ಕೀಳೆನಿಸಿದಂತೆ ತೋರುವುದಿಲ್ಲ.

ಮಳೆಯ ನೀರಿನ ಲೆಕ್ಕವೂ ನಕ್ಷೆಯಲ್ಲಿ ಸೇರಬೇಕು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 600 ಚದರ ಅಡಿಯ ಮಾಡಿನ ಮೇಲೆ ವರ್ಷಕ್ಕೆ 1000 ಮಿಲಿಮೀಟರ್ ಮಳೆ ಸುರಿದರೆ 55,000 ಲೀಟರಿಗೆ ಕಡಿಮೆಯಿಲ್ಲ. ಸೊರಬದ ಪಶ್ಚಿಮಕ್ಕೆ ಹೋದಂತೆ ಮಳೆ ಹೆಚ್ಚು, ಶಿಕಾರಿಪುರದ ಪೂರ್ವಕ್ಕೆ ಕಡಿಮೆ. ಇಷ್ಟನ್ನೆಲ್ಲ ತೊಟ್ಟಿಯಲ್ಲಿ ಹಿಡಿದಿಡುವುದು ಸಾಧ್ಯವಿಲ್ಲದಿದ್ದರೂ, ಬಾವಿಯ ಬಳಿ ಒಂದು ಇಂಗುಗುಂಡಿಗೆ ತಿರುಗಿಸಬಹುದು. ಸಿಮೆಂಟಿನ ಅಂಗಳಕ್ಕೆ ಈ ಶಕ್ತಿಯಿಲ್ಲ.

ಹಿತ್ತಲು ಹೋದರೆ ಅದರೊಡನೆ ಬೀಜವೂ ಹೋಗುತ್ತದೆ. ಸಾಂಬಾರಿನ ಮೊಗೆಕಾಯಿ, ಊರಿಗೊಂದು ಬಗೆಯ ಬದನೆ, ಅಲಸಂದೆ, ಅವರೆ ಇವೆಲ್ಲ ಉಳಿದು ಬಂದದ್ದು ಅಂಗಡಿಯ ಪೊಟ್ಟಣಗಳಲ್ಲಿ ಅಲ್ಲ. ಅತ್ತೆಯಿಂದ ಸೊಸೆಗೆ, ತವರಿನಿಂದ ಗಂಡನ ಮನೆಗೆ ಸೆರಗಿನ ಗಂಟಿನಲ್ಲಿ ದಾಟಿ. ನೆರೆಯ ಶಿರಸಿಯಲ್ಲಿ 2001ರಲ್ಲಿ ಆರಂಭವಾದ ‘ವನಸ್ತ್ರೀ’ ಎಂಬ ಮಹಿಳೆಯರ ಬಳಗ ಇಂತಹ ಬೀಜಗಳನ್ನು ಸಂಗ್ರಹಿಸಿ ಹಂಚುವ ಕಾರ್ಯವನ್ನು ಕೈಗೊಂಡಿತು. ಆದರೆ ಬೀಜ ಉಳಿಯಲು ಅದನ್ನು ಪ್ರತಿವರ್ಷ ಬಿತ್ತುವ ನೆಲ ಬೇಕು. ಎರಡು ನೂರು ಚದರ ಅಡಿಯಲ್ಲಿಯೂ ಒಂದು ಮೂಲೆಯನ್ನು ಬೀಜಕ್ಕೆಂದೇ ಬಿಡಬಹುದು. ಚಪ್ಪರದ ಮೊದಲ ನೇರವಾದ ಹೀರೆಕಾಯಿಯನ್ನು ಕೊಯ್ಯದೆ ಬಳ್ಳಿಯಲ್ಲೇ ಒಣಗಲು ಬಿಟ್ಟು, ಗುರುತಿಗೆ ಒಂದು ದಾರ ಕಟ್ಟಿ, ಬೀಜ ಬಿಡಿಸಿ, ಬೂದಿಯಲ್ಲಿ ಹೊರಳಿಸಿ, ಮುಂದಿನ ಮಳೆಯವರೆಗೆ ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು ಇಂದಿಗೂ ಆ ಸೀಮೆಯ ಹಿರಿಯ ಹೆಂಗಸರಿಗೆ ತಿಳಿದ ವಿದ್ಯೆ. ಒಲೆ ಹೋಗಿ ಗ್ಯಾಸ್ ಬಂದಿರುವ ಮನೆಗಳಲ್ಲಿ ಬಿಗಿಯಾದ ಮುಚ್ಚಳದ ಡಬ್ಬಿ ಆ ಕೆಲಸ ಮಾಡುತ್ತದೆ.