ಸಾಂತ್ವನ ಅಂದ್ರೆ ಸುಮ್ಮನಿರೋದಾ?

ಬರೆಯದೆ ಎರಡು ತಿಂಗಳ ಮೇಲಾಯ್ತು. ಪ್ರಾಜೆಕ್ಟ್ ರಿಲೀಸ್ ಅನ್ನೋ ಹಳೇ ನೆಪ ಇದ್ದೇ ಇದೆ :-) ಆದ್ರೆ ನಿಜ ಹೇಳ್ಬೇಕಂದ್ರೆ ಈ ವಿಷಯ ಬರೀಬೇಕೋ ಬೇಡ್ವೋ ಅಂತ ಯೋಚಿಸ್ತಾ ಕೂತಿದ್ದೆ.

ಆಫೀಸಿನಲ್ಲಿ ಚಹಾ ಕುಡಿಯೋವಾಗ ಒಬ್ಬ ಗೆಳೆಯ ಕೇಳಿದ, "ಟಿಪ್ಪು ನಿಮ್ಮವರನ್ನ ಹದಿನೈದು ವರ್ಷ ಶ್ರೀರಂಗಪಟ್ಟಣದಲ್ಲಿ ಕೂಡಿ ಹಾಕಿದ್ನಲ್ಲ, ನಿಂಗೆ ಸಿಟ್ಟು ಬರಲ್ವಾ?" ಬರುತ್ತೆ ಅಂದೆ. "2008ರ ಬಗ್ಗೆಯೂ ಬರುತ್ತೆ" ಅಂತ ಸೇರಿಸಿದೆ. ಅವನು ಮೊಬೈಲ್ ನೋಡೋಕೆ ಶುರು ಮಾಡಿದ. ಮಾತು ಅಲ್ಲಿಗೆ ಮುಗೀತು.

ನಮ್ಮೂರು ಉಜಿರೆ. ಬೆಂಗಳೂರಿನಿಂದ ಚಾರ್ಮಾಡಿ ಇಳಿದು ಬರೋ ಬಸ್ಸು ಬೆಳಗಿನ ಜಾವ ಇಳಿಸೋ ಊರು. ಆ ದಾರಿಯಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದೀರಾದ್ರೆ ನಮ್ಮೂರನ್ನ ದಾಟಿಯೇ ಹೋಗಿರ್ತೀರಿ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನಾವು ಕ್ಯಾಥೋಲಿಕರು.

ಟಿಪ್ಪುವಿನ ಕಥೆ ನನಗೆ ಪಠ್ಯಪುಸ್ತಕದಿಂದ ಬಂದದ್ದಲ್ಲ, ಅಜ್ಜಿಯಿಂದ ಬಂದದ್ದು. ಎರಡನೇ ಮೈಸೂರು ಯುದ್ಧದಲ್ಲಿ ಬ್ರಿಟಿಷರು ಮಂಗಳೂರು ಹಿಡಿದಾಗ ಕರಾವಳಿಯ ಕ್ರೈಸ್ತರು ಅವರಿಗೆ ನೆರವಾದರು ಅನ್ನೋ ಸಂಶಯ ಟಿಪ್ಪುವಿಗೆ. 1784ರ ಬೂದಿ ಬುಧವಾರ, ಸಾಮೂಹಿಕ ಬಂಧನ. ಪಾದ್ರಿಗಳನ್ನ ಗೋವಾ ಕಡೆಗೆ ಅಟ್ಟಿದರು, ಚರ್ಚುಗಳನ್ನ ಕೆಡವಿದರು (1680ರಲ್ಲಿ ಕಟ್ಟಿದ ಮಂಗಳೂರಿನ ಮಿಲಾಗ್ರಿಸ್ ಕೂಡ ಅದರಲ್ಲೊಂದು), ಜನರನ್ನ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಜನ ಅನ್ನೋದರಲ್ಲಿ ಒಂದೇ ಲೆಕ್ಕ ಇಲ್ಲ. 30 ಸಾವಿರದಿಂದ 80 ಸಾವಿರದವರೆಗೂ ಬರೆದಿದ್ದಾರೆ. ದಾರಿಯಲ್ಲೇ ಸತ್ತವರು ಬಹಳ. ಬಿಡುಗಡೆ ಆದದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ. ವಿ.ಜೆ.ಪಿ. ಸಲ್ಡಾನ್ಹಾ ಈ ಸೆರೆವಾಸದ ಮೇಲೆ ಕೊಂಕಣಿಯಲ್ಲಿ ಹಲವು ಕಾದಂಬರಿ ಬರೆದರು. ಒಂದರ ಹೆಸರೇ 'ಬೆಳ್ತಂಗಡಿಚೊ ಬಲ್ತಜಾರ್'. ನಮ್ಮ ತಾಲೂಕಿನ ಹೆಸರು ಕಾದಂಬರಿಯ ಮುಖಪುಟದಲ್ಲಿ ಇರೋದು ನಂಗೆ ಚಿಕ್ಕವನಿದ್ದಾಗ ಭಾರೀ ಹೆಮ್ಮೆ.

ಆದ್ರೆ ಅಜ್ಜಿ ಈ ಕಥೆ ಹೇಳುವಾಗ ಟಿಪ್ಪುವಿನ ಹೆಸರು ಒಂದೋ ಎರಡೋ ಸಲ ಬರ್ತಿತ್ತು ಅಷ್ಟೆ. ಕಥೆಯ ಮುಖ್ಯ ಭಾಗ ಬೇರೆಯೇ. "ಪಾದ್ರಿ ಇಲ್ಲ, ಚರ್ಚ್ ಇಲ್ಲ, ಪೂಜೆ ಇಲ್ಲ. ಹದಿನೈದು ವರ್ಷ ಹೇಗೆ ಉಳಿದ್ರು ಗೊತ್ತುಂಟಾ? ತೇರ್ಸಿನಿಂದ." ತೇರ್ಸ್ ಅಂದ್ರೆ ಸಂಜೆ ಮನೆಮಂದಿಯೆಲ್ಲ ಮೊಣಕಾಲೂರಿ ಹೇಳೋ ಜಪಸರ. ಇದು ಇತಿಹಾಸವೋ ಅಥವಾ ನನ್ನನ್ನ ಟಿವಿ ಮುಂದಿನಿಂದ ಎಬ್ಬಿಸೋ ಉಪಾಯವೋ, ಆಗಲೂ ಗೊತ್ತಿರಲಿಲ್ಲ :-) ಆದ್ರೆ ಯೋಚಿಸಿ ನೋಡಿ. ಕಟ್ಟಡವನ್ನ ಕೆಡವಬಹುದು, ಗುರುಗಳನ್ನ ಗಡಿಪಾರು ಮಾಡಬಹುದು. ಬೆರಳೆಣಿಸಿ ಬಾಯಿಪಾಠದಲ್ಲಿ ಹೇಳೋ ಪ್ರಾರ್ಥನೆಯನ್ನ ಜಪ್ತಿ ಮಾಡೋದು ಹೇಗೆ? ವಾಪಸ್ ಬಂದವರು ಹಾಳುಬಿದ್ದ ಜಾಗಗಳಲ್ಲಿ ಮತ್ತೆ ಚರ್ಚ್ ಎಬ್ಬಿಸಿದರಲ್ಲ, ಒಳಗೆ ಏನೂ ಉಳಿಯದೇ ಹೋಗಿದ್ರೆ ಅದು ಸಾಧ್ಯವಿತ್ತಾ?

ಇನ್ನು 2008. ನಾನಾಗ ಆರನೇ ಕ್ಲಾಸು. ಆಗಸ್ಟಿನಲ್ಲಿ ಒಡಿಶಾದ ಕಂಧಮಾಲ್ ಹೊತ್ತಿ ಉರೀತಿತ್ತು. ಆಗಸ್ಟ್ 29ಕ್ಕೆ ದೇಶದ ಕ್ಯಾಥೋಲಿಕ್ ಶಾಲೆಗಳು ಪ್ರತಿಭಟನೆಗೆ ಬಾಗಿಲು ಹಾಕಿದಾಗ ನನಗೆ ಅದು ಬರೀ ರಜೆ. ಸೆಪ್ಟೆಂಬರ್ 8ಕ್ಕೆ ಮೋಂತಿ ಹಬ್ಬ. ಎಂದಿನಂತೆ ಮರಿಯಮ್ಮನಿಗೆ ಹೂ, ಹೊಸ ತೆನೆ, ಮಧ್ಯಾಹ್ನ ಬಾಳೆಲೆ ಊಟ. ಅದಾಗಿ ಆರು ದಿನಕ್ಕೆ, ಸೆಪ್ಟೆಂಬರ್ 14ರ ಭಾನುವಾರ, ಮಂಗಳೂರಿನ ಮಿಲಾಗ್ರಿಸ್ ಹತ್ತಿರದ ಅಡೋರೇಶನ್ ಮಠಕ್ಕೆ ಗುಂಪು ನುಗ್ಗಿತು. ಹೊರಲೋಕಕ್ಕೆ ಬಾರದೆ ಪ್ರಾರ್ಥನೆಯಲ್ಲೇ ಇರೋ ಕ್ಲಾರಾ ಸಭೆಯ ಸನ್ಯಾಸಿನಿಯರ ಮಠ ಅದು. ಶಿಲುಬೆ ಒಡೆದರು, ಪವಿತ್ರ ಪ್ರಸಾದದ ಪೆಟ್ಟಿಗೆ ಒಡೆದರು. ನ್ಯೂ ಲೈಫ್‌ನವರ ಪ್ರಾರ್ಥನಾ ಮಂದಿರಗಳ ಮೇಲೂ ದಾಳಿ. ಪ್ರತಿಭಟಿಸಿದವರ ಮೇಲೆ ಕುಲಶೇಖರದಲ್ಲಿ ಲಾಠಿ. ವಿಚಿತ್ರ ಅಂದ್ರೆ ಆ ದಿನ ಚರ್ಚಿನ ಪಂಚಾಂಗದಲ್ಲಿ ಪವಿತ್ರ ಶಿಲುಬೆಯ ಹಬ್ಬ.

ಆ ಸಂಜೆ ನಮ್ಮನೆಯಲ್ಲಿ ಬಾಗಿಲು ಹಾಕಿಕೊಂಡು ತೇರ್ಸ್ ಹೇಳಿದೆವು, ಮೆಲ್ಲಗೆ. ಕೊನೆಗೆ ಅಜ್ಜಿ "ಒಡೆದವರಿಗಾಗಿ ಒಂದು ನಮಾನ್ ಮರಿಯೆ" ಅಂದ್ರು. ಅಪ್ಪ ಎದ್ದು ಒಳಗೆ ಹೋದರು. ಅಪ್ಪ ಪ್ರಾರ್ಥನೆ ಮಧ್ಯ ಎದ್ದು ಹೋದದ್ದನ್ನ ನಾನು ನೋಡಿದ್ದು ಅದೊಂದೇ ಸಲ. ನನಗೂ ಸಿಟ್ಟು, ಆದ್ರೆ ಅಜ್ಜಿ ಪಕ್ಕ ಕೂತಿದ್ದರಿಂದ ಹೇಳಿದೆ.

ಮುಂದಿನ ವಾರಗಳಲ್ಲಿ ಕೇಳಿದ ಮಾತುಗಳೇ ನನ್ನನ್ನ ಇವತ್ತಿಗೂ ಕಾಡೋದು. "ಇದು ದೇವರ ಪರೀಕ್ಷೆ", "ಹಿಂಸೆ ಅನುಭವಿಸಿದವರು ಧನ್ಯರು", "ಎಲ್ಲ ಒಳ್ಳೆಯದಕ್ಕೇ". ಯಾರಾದ್ರೂ ಒಬ್ಬರು ಹೇಳಿಯೇ ಹೇಳೋರು. ತಪ್ಪು ತಿಳೀಬೇಡಿ, ವಿಶ್ವಾಸದಲ್ಲಿ ಸಾಂತ್ವನ ಉಂಟು ಅಂತ ನಾನೂ ನಂಬ್ತೇನೆ. ಆದ್ರೆ ಈ ಥರದ ಸಾಂತ್ವನ ನೋವು ನಿವಾರಕ ಮಾತ್ರೆ ಇದ್ದ ಹಾಗೆ. ನೋವು ಗೊತ್ತಾಗಲ್ಲ, ಮೂಳೆ ಮುರಿದದ್ದು ಹಾಗೇ ಇರುತ್ತೆ.

ಬೈಬಲ್ಲಿನಲ್ಲೇ ಯೋಬನ ಕಥೆ ಇದೆಯಲ್ಲ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳಕೊಂಡವನ ಹತ್ತಿರ ಮೂವರು ಗೆಳೆಯರು ಬರ್ತಾರೆ. ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂರ್ತಾರೆ. ಅಲ್ಲಿವರೆಗೆ ಅವರು ಒಳ್ಳೆ ಗೆಳೆಯರೇ. ಬಾಯಿ ತೆಗೆದು ಕಾರಣ ಕೊಡೋಕೆ ಶುರು ಮಾಡಿದಾಗ ಕೆಟ್ಟಿತು. ಕೊನೆಗೆ ದೇವರು ಬೈಯೋದು ದೇವರನ್ನೇ ಪ್ರಶ್ನೆ ಮಾಡಿದ ಯೋಬನನ್ನ ಅನ್ನೋದಕ್ಕಿಂತ ದೇವರ ಪರ ವಕಾಲತ್ತು ವಹಿಸಿದ ಈ ಗೆಳೆಯರನ್ನ! ಶಿಲುಬೆಯ ಮೇಲೆ ಯೇಸು ಕೂಗಿದ್ದೂ ಕೀರ್ತನೆಗಳ ಪುಸ್ತಕದ ಒಂದು ದೂರಿನ ಸಾಲನ್ನೇ. ದೂರು ಕೊಡೋದೂ ಪ್ರಾರ್ಥನೆಯೇ ಅಂತ ನಮಗ್ಯಾಕೆ ಯಾರೂ ಹೇಳಿಕೊಡಲಿಲ್ಲ?

ನಮ್ಮನೆಗೂ ಅಂಥ ಗೆಳೆಯ ಒಬ್ಬರು ಬಂದಿದ್ದರು. 14ರ ಮರುದಿನ ಸಂಜೆ ಪಕ್ಕದ ತೋಟದವರು ಜಗಲಿಯಲ್ಲಿ ಬಂದು ಕೂತರು. ನಮ್ಮ ಜಾತಿಯವರಲ್ಲ, ಧರ್ಮದವರಲ್ಲ. ಚರ್ಚಿನ ಸುದ್ದಿ ಎತ್ತಲಿಲ್ಲ. ಆ ಮಳೆಗೆ ಅಡಿಕೆಗೆ ಕೊಳೆರೋಗ ಬಂದದ್ದು, ಮೈಲುತುತ್ತು ಬಿಡೋಕೆ ಆಳು ಸಿಗದ್ದು, ಇದೇ ಮಾತು. ಕತ್ತಲಾದ್ರೂ ಏಳಲಿಲ್ಲ. ಒಳಗೆ ತೇರ್ಸ್ ಮುಗಿಯುವವರೆಗೆ ಹೊರಗೆ ಕೂತಿದ್ದು, ಟಾರ್ಚ್ ಹಿಡಿದುಕೊಂಡು ಹೋದರು. ಮರುದಿನವೂ ಬಂದರು. ವಾರ ಪೂರ್ತಿ ಬಂದರು. ಅವರು ಕಾವಲಿಗೆ ಕೂತಿದ್ದರು ಅಂತ ನನಗೆ ಅರ್ಥ ಆದದ್ದು ಇಂಜಿನಿಯರಿಂಗಿಗೆ ಬಂದ ಮೇಲೆ. ಟ್ಯೂಬ್‌ಲೈಟ್ ನಾನು.

1784ರ ಕಥೆಯಲ್ಲೂ ಇಂಥವರೊಬ್ಬರಿದ್ದಾರೆ, ಚಹಾ ಕುಡಿಯೋ ಗೆಳೆಯನಿಗೆ ಗೊತ್ತಿರಲಿಕ್ಕಿಲ್ಲ. ಕರಾವಳಿಯ ಚರ್ಚುಗಳೆಲ್ಲ ನೆಲಸಮ ಆಗ್ತಿದ್ದಾಗ ಮೂಡಬಿದಿರೆ ಹತ್ತಿರದ ಹೊಸ್ಪೆಟ್‌ನ ಪವಿತ್ರ ಶಿಲುಬೆಯ ಚರ್ಚ್ ಉಳೀತು. ಉಳಿಸಿದ್ದು ಮೂಡಬಿದಿರೆಯ ಜೈನ ಅರಸ, ಚೌಟ. ಟಿಪ್ಪು ಜಯಂತಿಯ ಗಲಾಟೆಯಲ್ಲಿ (2015ರಿಂದ ಸರಕಾರ ಆಚರಿಸಿ, 2019ರಲ್ಲಿ ಇನ್ನೊಂದು ಸರಕಾರ ನಿಲ್ಲಿಸಿತಲ್ಲ) ನಮ್ಮ ಹಿರಿಯರ ಸೆರೆವಾಸವನ್ನ ಎಲ್ಲರೂ ಎತ್ತಿದರು, ಚೌಟರ ಹೆಸರನ್ನ ಒಬ್ಬರೂ ಎತ್ತಿದ ನೆನಪಿಲ್ಲ. ನಮ್ಮ ಕಣ್ಣೀರು ಇನ್ನೊಬ್ಬರ ಮೇಲೆ ಎಸೆಯೋ ಕಲ್ಲಾಗಬೇಕು ಅಂದ್ರೆ ಅಂಥ ಹೆಸರುಗಳು ಅಡ್ಡ ಬರ್ತವೆ. 1784ಕ್ಕೆ ಸಿಟ್ಟಾಗಿ 2008ಕ್ಕೆ ಮೊಬೈಲ್ ನೋಡೋರ ಅನುಕಂಪ ನನಗೆ ಬೇಡ. ಟಿಪ್ಪು ಮಾಡಿದ್ದಕ್ಕೆ ನನ್ನ ಜೊತೆ ಬಸ್ಸಿನಲ್ಲಿ ಕೂರೋ ಬ್ಯಾರಿ ಹುಡುಗ ಉತ್ತರ ಕೊಡಬೇಕಾಗಿಯೂ ಇಲ್ಲ.

ಹಾಗಂತ ಕ್ಷಮಿಸಿಬಿಟ್ಟೆವು, ಮರೆತುಬಿಡೋಣ ಅನ್ನೋದನ್ನೂ ನಾನು ಒಪ್ಪಲ್ಲ. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟು, ಸಂಘ ಪರಿವಾರದ ಸಂಘಟನೆಗಳ ಮೇಲೆ ಹೊಣೆ ಹೊರಿಸಲಿಲ್ಲ. ಆ ವರದಿ ಬಂದ ದಿನ ಅಪ್ಪ ಪೇಪರ್ ಮಡಚಿಟ್ಟು ತೋಟಕ್ಕೆ ಹೋದರು. ಕ್ಷಮೆ ಅಜ್ಜಿಯ ಕೈಲಿತ್ತು, ಕೊಟ್ಟರು. ನ್ಯಾಯ ಸರಕಾರದ ಕೈಲಿತ್ತು. ಎರಡೂ ಬೇರೆ ಬೇರೆ ಬಾಕಿ. ಒಂದು ತೀರಿದ್ರೆ ಇನ್ನೊಂದು ತಾನಾಗಿ ತೀರಲ್ಲ.

ಒಂದು ಮಾತು ಹೇಳ್ಲೇಬೇಕು. ಆಗ ಬಜರಂಗ ದಳದ ರಾಜ್ಯ ಸಂಚಾಲಕರಾಗಿದ್ದು ಬಂಧನವಾಗಿದ್ದ ಮಹೇಂದ್ರ ಕುಮಾರ್ ಆಮೇಲೆ ಸಂಘಟನೆ ಬಿಟ್ಟು ಕೋಮು ರಾಜಕಾರಣದ ವಿರುದ್ಧವೇ ಊರೂರು ತಿರುಗಿ ಮಾತಾಡಿದರು. 2020ರಲ್ಲಿ ತೀರಿಹೋದರು. ಅಜ್ಜಿಯ ನಮಾನ್ ಮರಿಯೆಯಿಂದಲೇ ಹಾಗಾಯ್ತು ಅನ್ನೋವಷ್ಟು ಮುಗ್ಧ ನಾನಲ್ಲ, ಲಾಗ್ ನೋಡದೆ ಕಾರಣ ಹೇಳೋದು ನಮ್ಮ ಕಸುಬಿನಲ್ಲಿ ತಪ್ಪು :-) ಆದ್ರೆ ಆ ಸುದ್ದಿ ಓದಿದಾಗ ಆರನೇ ಕ್ಲಾಸಿನಲ್ಲಿ ಹಲ್ಲು ಕಚ್ಚಿಕೊಂಡು ಹೇಳಿದ ಆ ಪ್ರಾರ್ಥನೆ ನೆನಪಾಯ್ತು.

ಅಜ್ಜಿ ಈಗಿಲ್ಲ. ಪಕ್ಕದ ತೋಟದವರಿಗೆ ವಯಸ್ಸಾಗಿದೆ, ಕಿವಿ ಮಂದ. ಕಳೆದ ಮೋಂತಿ ಹಬ್ಬಕ್ಕೆ ಊರಿಗೆ ಹೋದಾಗ ಆ ವಾರದ ಬಗ್ಗೆ ಅವರನ್ನ ಕೇಳಿಯೇ ಬಿಟ್ಟೆ. "ಎಂತ ಕಾವಲು ಮಾರಾಯ, ನಿನ್ನ ಅಜ್ಜಿ ಚಹಾ ಒಳ್ಳೆದು ಮಾಡ್ತಿದ್ರು" ಅಂದ್ರು. ಬರುವ ಹಬ್ಬಕ್ಕೂ ರಜೆ ಹಾಕಿದ್ದೇನೆ. ಮ್ಯಾನೇಜರ್ ಇನ್ನೂ ಒಪ್ಪಿಲ್ಲ.