ಆಯತ ಅಂತ ಬರೆದ ಮಾತ್ರಕ್ಕೆ ಆಯತ ಆಗುವುದಿಲ್ಲ

ಎದುರೆದುರು ಬಾಹು ಸಮ ಇರುವ ಚತುರ್ಭುಜ ಯಾವುದು ಅಂತ ಎಂಟನೇ ತರಗತಿ ಮಕ್ಕಳನ್ನು ಕೇಳಿ ನೋಡಿ. ಬಹಳ ಮಕ್ಕಳು ‘ಆಯತ’ ಅನ್ನುತ್ತಾರೆ. ತಪ್ಪು. ಅಷ್ಟು ಮಾತ್ರ ಗೊತ್ತಿದ್ದರೆ ಅದು ಸಮಾಂತರ ಚತುರ್ಭುಜ. ಮೂಲೆ 90 ಡಿಗ್ರಿ ಇದ್ದರೆ ಮಾತ್ರ ಆಯತ. ಒಂದು ಅಂಕ ತಾನೇ, ಹೋಗಲಿ ಬಿಡಿ ಅನ್ನಬೇಡಿ. ಇದೇ ತಪ್ಪನ್ನು ದೊಡ್ಡವರು ಮಾಡಿದರೆ ಜಾಗವೇ ಹೋಗುತ್ತದೆ.

ಕೋಲಾರ, ಮಾಲೂರು ಸುತ್ತ ಲೇಔಟ್ ಬೋರ್ಡುಗಳನ್ನು ನೀವೇ ನೋಡುತ್ತಿದ್ದೀರಿ. ಪತ್ರದಲ್ಲಿ ಪೂರ್ವ-ಪಶ್ಚಿಮ 40 ಅಡಿ, ಉತ್ತರ-ದಕ್ಷಿಣ 30 ಅಡಿ, ಒಟ್ಟು 1200 ಚದರ ಅಡಿ ಅಂತ ಇರುತ್ತದೆ. ಟೇಪು ಹಿಡಿದರೆ ನಾಲ್ಕೂ ಕಡೆ ಅಳತೆ ಸರಿ. ಆದರೆ ಸೈಟು ಓರೆ ಇದ್ದರೆ? ಹಳೇ ಮಂಚದ ಚೌಕಟ್ಟು ಸಡಿಲವಾಗಿ ಒಂದು ಕಡೆಗೆ ವಾಲುವುದನ್ನು ನೆನಪು ಮಾಡಿಕೊಳ್ಳಿ. ಮರದ ಉದ್ದ ಒಂದಿಂಚೂ ಕಡಿಮೆ ಆಗಿರುವುದಿಲ್ಲ, ಒಳಗಿನ ಜಾಗ ಕಡಿಮೆ ಆಗಿರುತ್ತದೆ. 30-40 ಸೈಟು ನಿಜವಾದ ಆಯತವಾಗಿದ್ದರೆ ಮೂಲೆಯಿಂದ ಮೂಲೆಗೆ ಎರಡೂ ಕಡೆ 50 ಅಡಿ ಬರಬೇಕು. ಒಂದು ಕಡೆ 40, ಇನ್ನೊಂದು ಕಡೆ ಸುಮಾರು 58 ಬಂದರೆ ಅಲ್ಲಿರುವುದು 1112 ಚದರ ಅಡಿ ಮಾತ್ರ. ಹೋದದ್ದು 88. ಎಂಟು ಅಡಿ ಅಗಲ, ಹನ್ನೊಂದು ಅಡಿ ಉದ್ದದ ಒಂದು ರೂಮು!

ಪಾಯಕ್ಕೆ ದಾರ ಕಟ್ಟುವ ಮೇಸ್ತ್ರಿಗೆ ಇದು ಗೊತ್ತು. ಮೂಲೆಯಿಂದ ಮೂಲೆಗೆ ಅಳೆಯದೆ ಅವರು ಕಲ್ಲು ಇಡುವುದಿಲ್ಲ. ಶಾಲೆಯಲ್ಲಿ ಅದಕ್ಕೆ ಕರ್ಣ ಅಂತ ಹೆಸರು. ಹೆಸರು ಬಾಯಿಪಾಠ ಮಾಡಿಸಿ ಮುಂದಿನ ಪುಟಕ್ಕೆ ಹೋಗುತ್ತಾರೆ. ನಮ್ಮ ಜಗಳ ಇರುವುದು ಇಲ್ಲೇ. ಚಿತ್ರ ತೋರಿಸಿ ಹೆಸರು ಕೇಳುವುದನ್ನೇ ವರ್ಗೀಕರಣ ಅಂದುಕೊಂಡಿದ್ದೇವೆ. ಚೌಕವನ್ನು ಸ್ವಲ್ಪ ತಿರುಗಿಸಿ ಬರೆದರೆ ಮಕ್ಕಳು ‘ವಜ್ರಾಕೃತಿ ಮಾತ್ರ, ಚೌಕ ಅಲ್ಲ’ ಅನ್ನುತ್ತಾರೆ. ಚೌಕವೂ ಒಂದು ಆಯತ ಅಂತ ಸರಿಯಾಗಿ ಬರೆದ ಮಗುವಿಗೆ ಕೆಂಪು ಗೀಟು ಬಿದ್ದದ್ದೂ ಉಂಟು.

ಹೊಲದ ಕಥೆ ಇನ್ನೂ ಕಷ್ಟ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬದು ಎಲ್ಲಿ ನೆಟ್ಟಗಿದೆ? ಐದು ಬಾಹು, ಏಳು ಬಾಹು ಇರುವ ಹೊಲಗಳು. ನಾಲ್ಕೇ ಬಾಹು ಇದ್ದರೂ ಎದುರುಬದುರು ಅಳತೆ ಕೂಡಿಸಿ, ಅರ್ಧ ಮಾಡಿ, ಗುಣಿಸುವ ಲೆಕ್ಕ ಊರಲ್ಲಿ ನಡೆಯುತ್ತದೆ. ಹೊಲ ಆಯತವಲ್ಲದಿದ್ದರೆ ಈ ಲೆಕ್ಕ ಯಾವಾಗಲೂ ಜಾಸ್ತಿಯೇ ತೋರಿಸುತ್ತದೆ, ಒಮ್ಮೆಯೂ ಕಡಿಮೆ ತೋರಿಸುವುದಿಲ್ಲ. ಮಾರುವವರಿಗೆ ಲಾಭ, ಕೊಳ್ಳುವವರಿಗೆ ನಾಮ. ಕರ್ಣ ಅಥವಾ ಲಂಬ ಹೇಳದೆ ಬರೀ ನಾಲ್ಕು ಬಾಹು ಕೊಟ್ಟು ವಿಸ್ತೀರ್ಣ ಕೇಳುವವನನ್ನು ಭಾಸ್ಕರಾಚಾರ್ಯ 1150ರ ‘ಲೀಲಾವತಿ’ಯಲ್ಲೇ ಪಿಶಾಚಿ ಅಂತ ಬೈದಿದ್ದಾನೆ. ಬೈದು ಎಂಟುನೂರು ವರ್ಷ ದಾಟಿತು.

ದಾರಿ ಇದೆ. ಏಳು ಬಾಹುಗಳ ಹೊಲವನ್ನು ಐದು ತ್ರಿಭುಜ ಮಾಡಿ, ಒಂದೊಂದನ್ನೂ ಅಳೆದು ಕೂಡಿಸಬಹುದು. ಎಂಟನೇ ತರಗತಿ ಪಠ್ಯದಲ್ಲಿ ಬಹುಭುಜಾಕೃತಿಯನ್ನು ಹೀಗೆ ಒಡೆಯುವ ಪಾಠವೂ ಬಂದಿದೆ. ಪುಸ್ತಕವನ್ನು ದೂರಿ ಪ್ರಯೋಜನವಿಲ್ಲ.

ಪಾಠ ಮುಗಿಸುವುದಕ್ಕೇ ಟೈಮಿಲ್ಲ ಅಂತ ಮೇಷ್ಟ್ರುಗಳು ಹೇಳುತ್ತಾರೆ. ಇರಬಹುದು, ಅವರಿಗೆ ಇರುವ ಕೆಲಸ ಒಂದೆರಡಲ್ಲ. ನಾವು ಕೇಳುತ್ತಿರುವುದು ಒಂದೇ ಪೀರಿಯಡ್, ಒಂದು ಟೇಪು, ನಾಲ್ಕು ಗೂಟ. ಎಸ್‌ಡಿಎಂಸಿ ಸಭೆಯಲ್ಲಿ ನೀವೂ ಕೇಳಿ. ಮಕ್ಕಳು ಮೊದಲು ಶಾಲೆಯ ಅಂಗಳವನ್ನೇ ಅಳೆಯಲಿ, ಎರಡು ಕರ್ಣವನ್ನೂ ಸೇರಿಸಿ. ಅಳತೆ ನಮಗೆ ಕಳಿಸಿ. ನಿಮ್ಮ ಅಂಗಳ ಆಯತವೋ ಅಲ್ಲವೋ ನೋಡೇಬಿಡೋಣ.