ಪುಕ್ಕಟೆ ಆಟದ ಬೆಲೆ

ದಂಡಿನಶಿವರ ಹೋಬಳಿಯ ರೈತನು ತೆಂಗಿನಕಾಯಿಯನ್ನು ಕೆಡವಿಸಿ ಅಟ್ಟಕ್ಕೇರಿಸಿ, ನೀರು ಇಂಗಿ ಒಳಗಿನ ಗಿಟುಕು ಅಲುಗುವವರೆಗೆ ಹತ್ತು ಹನ್ನೆರಡು ತಿಂಗಳು ಕಾಯುತ್ತಾನೆ. ಅನಂತರ ಸುಲಿಸಿ, ಒಡೆಸಿ, ತಿಪಟೂರಿನ ಮಾರುಕಟ್ಟೆಗೆ ಸಾಗಿಸುತ್ತಾನೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರದವರು ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಮಾರಿದ ಹಣ ಬ್ಯಾಂಕಿಗೆ ಜಮೆಯಾಗುತ್ತದೆ. ಬ್ಯಾಂಕು ಈಗ ಫೋನಿನೊಳಗಿದೆ. ಫೋನು ಮಗನ ಕೈಯಲ್ಲಿದೆ. ಪರದೆಯ ಮೇಲಿನ ಇಂಗ್ಲಿಷನ್ನು ಓದಬಲ್ಲವನು ಎಷ್ಟೋ ಮನೆಗಳಲ್ಲಿ ಅವನೊಬ್ಬನೇ ಆದುದರಿಂದ, ಹಣ ಕಳುಹಿಸುವ ಗುಪ್ತಸಂಖ್ಯೆಯೂ ಅವನಿಗೇ ಗೊತ್ತು. ಆ ಫೋನಿನಲ್ಲಿಯೇ ಇಂದು ಕಾಳಗದ ಆಟಗಳು ಪುಕ್ಕಟೆಯೆಂಬ ಹೆಸರಿನಿಂದ ಬಂದು ಕುಳಿತಿವೆ.

ಇವುಗಳ ರೀತಿಯನ್ನು ವಾಚಕರು ಅರಿಯುವುದು ಅಗತ್ಯ. 2014ರಲ್ಲಿ ಹೊರಬಂದ ‘ಮಾರ್ವೆಲ್ ಕಾಂಟೆಸ್ಟ್ ಆಫ್ ಚಾಂಪಿಯನ್ಸ್’ ಎಂಬ ಆಟವನ್ನು ಇಳಿಸಿಕೊಳ್ಳಲು ಕಾಸು ಕೊಡಬೇಕಾಗಿಲ್ಲ. ಆದರೆ ಹೊಸ ಜಟ್ಟಿಗಳು ‘ಸ್ಫಟಿಕ’ಗಳೊಳಗೆ ಅಡಗಿರುತ್ತಾರೆ, ಒಡೆದಾಗ ಯಾವನು ಬರುವನೆಂಬುದು ಅದೃಷ್ಟದ ಮಾತು. ಆಡಿ ಗಳಿಸುವ ಸ್ಫಟಿಕಗಳೂ ಉಂಟು. ಅವಸರವಿದ್ದವನು ರೂಪಾಯಿ ಕೊಟ್ಟು ಆಟದ ನಾಣ್ಯವನ್ನೂ, ಆ ನಾಣ್ಯದಿಂದ ಸ್ಫಟಿಕವನ್ನೂ ಕೊಳ್ಳಬಹುದು. ಆಡುವ ಚೈತನ್ಯ ಮುಗಿದರೆ ಕಾದಿರಬೇಕು, ಇಲ್ಲವೆ ಅದನ್ನೂ ಕೊಂಡು ತುಂಬಿಕೊಳ್ಳಬೇಕು. ಈ ಜಾತಿಯ ಆಟಗಳಲ್ಲಿ 100 ಡಾಲರಿನಷ್ಟು ಬೆಲೆಯ ಗಂಟುಗಳು ಅಪೂರ್ವವಲ್ಲ. ನಮ್ಮ ಲೆಕ್ಕದಲ್ಲಿ ಅದು ಅರ್ಧ ಕ್ವಿಂಟಾಲಿಗಿಂತ ಹೆಚ್ಚು ಕೊಬ್ಬರಿ.

ಆಟ ಕಟ್ಟಿದವನಿಗೂ ಹೊಟ್ಟೆಯಿದೆ, ಕೊಳ್ಳೆಂದು ಯಾರೂ ಬಲಾತ್ಕರಿಸುವುದಿಲ್ಲ ಎಂದು ವಾದಿಸುವವರುಂಟು. ವಸ್ತುವನ್ನು ತೋರಿಸಿ, ಬೆಲೆ ಹೇಳಿ ಮಾರುವುದಾದರೆ ನಮ್ಮ ಆಕ್ಷೇಪವಿಲ್ಲ. ಜಾತ್ರೆಯಲ್ಲಿ ಬಳೆ ಎಸೆಯಿಸುವವನೂ ಬಹುಮಾನವನ್ನು ಕಣ್ಣೆದುರಿಗೆ ಇಟ್ಟಿರುತ್ತಾನೆ; ಹುಡುಗನ ಜೇಬು ಬರಿದಾದರೆ ಆಟ ಅಲ್ಲಿಗೆ ನಿಲ್ಲುತ್ತದೆ. ಇಲ್ಲಿ ರೂಪಾಯಿ ನಾಣ್ಯದ ಮರೆಯಲ್ಲಿ ಅಡಗುತ್ತದೆ, ವಸ್ತು ಅದೃಷ್ಟದ ಮರೆಯಲ್ಲಿ ಅಡಗುತ್ತದೆ. ಬರಿದಾಗುವ ಜೇಬು ತಂದೆಯದು.

ಜೂಜಿನ ವಿಷಯದಲ್ಲಿ ನಮ್ಮ ನಾಡು ಕಣ್ಣು ಮುಚ್ಚಿ ಕುಳಿತುದಿಲ್ಲ. 2007ರಲ್ಲಿ ಕರ್ನಾಟಕವು ಲಾಟರಿಯನ್ನು ನಿಲ್ಲಿಸಿತು. ಪಣದ ಆನ್‌ಲೈನ್ ಆಟಗಳನ್ನು ತಡೆಯಲು 2021ರಲ್ಲಿ ಮಾಡಿದ ತಿದ್ದುಪಡಿಯನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಒಪ್ಪಿದ ಕಾಯಿದೆಯು, ಹಣ ಗೆಲ್ಲುವ ಆಸೆಯಿಂದ ಹಣ ಒಡ್ಡುವ ಆಟಗಳನ್ನು ನಿಷೇಧಿಸಿತು. ಸ್ಫಟಿಕದಿಂದ ಬಂದ ಜಟ್ಟಿಯಾದರೋ ಹಣವಾಗಲಾರನು. ಆದಕಾರಣ ಈ ವ್ಯಾಪಾರವು ನಿಷೇಧದ ಬೇಲಿಯ ಆಚೆಗೇ ಉಳಿಯುವಂತೆ ತೋರುತ್ತದೆ. ಗೆದ್ದರೆ ಹಣ ಬರುವ ಜೂಜು ಅಪರಾಧ, ಗೆದ್ದರೂ ಕಾಸು ಬಾರದ ಜೂಜು ನಿರ್ದೋಷ! ಇದೆಂತಹ ನ್ಯಾಯವೆಂದು ಕೇಳದೆ ನಾವು ಇರಲಾರೆವು. ಬೆಲ್ಜಿಯಂ ದೇಶದ ಜೂಜಿನ ಆಯೋಗದವರು 2018ರಲ್ಲಿಯೇ ಇಂತಹ ಅದೃಷ್ಟದ ಪೆಟ್ಟಿಗೆಗಳನ್ನು ಜೂಜೆಂದು ನಿರ್ಣಯಿಸಿದರು.

ಹದಿನೆಂಟು ತುಂಬದವನ ಕರಾರು ಸಲ್ಲದೆಂಬುದು 1872ರ ಕರಾರು ಕಾಯಿದೆಯ ತತ್ವ. 1903ರಲ್ಲಿ ಪ್ರೀವಿ ಕೌನ್ಸಿಲ್ ಅದನ್ನು ಸ್ಥಿರಪಡಿಸಿತು. ತೋಟದ ಒಂದು ಮರವನ್ನೂ ಬರೆದುಕೊಡುವ ಅಧಿಕಾರವಿಲ್ಲದ ಬಾಲಕನು ತೋಟದ ಫಲವನ್ನೆಲ್ಲ ಬೆರಳ ತುದಿಯಿಂದ ಕೊಟ್ಟುಬಿಡಬಹುದೆಂದರೆ ಆ ತತ್ವ ಎಲ್ಲಿ ಉಳಿಯಿತು?

ಸರ್ಕಾರದವರು ಮಾಡಬೇಕಾದುದು ಮೂರು. ಅಪ್ರಾಪ್ತ ವಯಸ್ಕರಿಗೆ ಅದೃಷ್ಟದ ಪೆಟ್ಟಿಗೆಯನ್ನು ಹಣಕ್ಕೆ ಮಾರಕೂಡದು. ಪ್ರತಿಯೊಂದರ ಬೆಲೆಯನ್ನೂ ರೂಪಾಯಿಯಲ್ಲಿ, ದೊರೆಯುವ ಸಂಭವವನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಕಾಣಿಸತಕ್ಕದ್ದು. ಮಗುವು ತೆತ್ತ ಹಣವನ್ನು ತಂದೆತಾಯಿಗಳು ಕೇಳಿದಾಗ ಹಿಂದಿರುಗಿಸತಕ್ಕದ್ದು.

ಅಲ್ಲಿಯವರೆಗೆ ರೈತಬಂಧುಗಳಲ್ಲಿ ನಮ್ಮ ಬಿನ್ನಹವೊಂದು: ಮಗನನ್ನು ಹೊಡೆದು ಫಲವಿಲ್ಲ, ಅವನ ಮುಂದೆ ಬಲೆ ಹರಡಿದವರು ಹಿರಿಯರು. ಗುಪ್ತಸಂಖ್ಯೆಯನ್ನು ಬದಲಿಸಿ ನಿಮ್ಮಲ್ಲಿಯೇ ಇಟ್ಟುಕೊಳ್ಳಿರಿ. ಅಟ್ಟದ ಕೊಬ್ಬರಿಯನ್ನು ಇಲಿಯಿಂದ ವರ್ಷವೆಲ್ಲ ಕಾಯುವ ನಿಮಗೆ, ಕೊಬ್ಬರಿಯ ಹಣವನ್ನು ಕಾಯುವುದು ಹೊಸ ವಿದ್ಯೆಯೇನೂ ಅಲ್ಲ.